ಟುಗೆಲಾ ಫೆರಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಡೆದಿದ್ದು: ಕಾಯಿಲೆ ಹರಡಿದ ಜಾಗವೂ ಅದೇ, ಕಂಡುಹಿಡಿದ ಜಾಗವೂ ಅದೇ

ಕಪ್ಪುಮಣ್ಣು:

"ಸರ್ಕಾರಿ ಆಸ್ಪತ್ರೆಗೆ ಹೋದರೆ ಇಲ್ಲದ ಕಾಯಿಲೆಯೂ ಅಂಟಿಕೊಳ್ಳುತ್ತೆ" ಅಂತ ಹೋದ ವಾರ ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಮೂರ್ನಾಲ್ಕು ಜನ ಬರೆದಿದ್ದರು. ಆ ಮಾತು ಅಕ್ಷರಶಃ ನಿಜವಾದ ಒಂದು ಆಸ್ಪತ್ರೆಯ ಕಥೆ ನನಗೆ ಗೊತ್ತು. ಆದರೆ ಅದು ಅಲ್ಲಿಗೇ ಮುಗಿಯುವ ಕಥೆ ಅಲ್ಲ, ಹಾಗಾಗಿ ಬೇರೆಯಾಗಿ ಬರೆಯುತ್ತಿದ್ದೇನೆ.

ದಕ್ಷಿಣ ಆಫ್ರಿಕಾದ ಕ್ವಾಝುಲು-ನಟಾಲ್ ಪ್ರಾಂತ್ಯದಲ್ಲಿ ಮ್ಸಿಂಗಾ ಅನ್ನುವ ಬಡ ಹಳ್ಳಿಗಾಡು ಇದೆ. ಅಲ್ಲಿ ಟುಗೆಲಾ ನದಿ ದಡದಲ್ಲಿ ಟುಗೆಲಾ ಫೆರಿ ಅಂತ ಒಂದು ಸಣ್ಣ ಊರು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಹೆಸರು ಚರ್ಚ್ ಆಫ್ ಸ್ಕಾಟ್ಲೆಂಡ್ ಆಸ್ಪತ್ರೆ. ಸ್ಕಾಟ್ಲೆಂಡಿನ ಮಿಷನರಿಗಳು ಕಟ್ಟಿದ್ದು, ಆಮೇಲೆ ಸರ್ಕಾರದ ಕೈಗೆ ಬಂತು, ಹೆಸರು ಹಾಗೇ ಉಳಿಯಿತು. ಸುಮಾರು 350 ಹಾಸಿಗೆ. ಅದನ್ನು ನಂಬಿಕೊಂಡವರು ಸುಮಾರು 2 ಲಕ್ಷ ಝುಲು ಹಳ್ಳಿಗರು. ಹೆರಿಗೆ, ಅಪಘಾತ, ಜ್ವರ, ಕೆಮ್ಮು, ಎಲ್ಲದಕ್ಕೂ ಅದೇ.

ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗಲು ಶುರುವಾಗಿದ್ದು 2004ರಲ್ಲಿ. ಅದಕ್ಕೂ ಮುಂಚೆ ಈ ಪ್ರಾಂತ್ಯದಲ್ಲಿ ಎಷ್ಟು ಮನೆಗಳು ಖಾಲಿಯಾಗಿದ್ದವು ಅಂತ ಬಿಡಿಸಿ ಹೇಳಬೇಕಿಲ್ಲ. ಔಷಧಿ ಬಂದ ಮೇಲೆ ಹಾಸಿಗೆ ಹಿಡಿದವರು ಎದ್ದು ಓಡಾಡತೊಡಗಿದರು. ಆದರೆ 2005ರಲ್ಲಿ ಅಲ್ಲಿನ ವೈದ್ಯ ಟೋನಿ ಮೋಲ್ ಮತ್ತು ಜೊತೆಯವರು ಒಂದು ವಿಷಯ ಗಮನಿಸಿದರು. ಎಚ್‌ಐವಿ ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು, ಟಿಬಿ ಮಾತ್ರೆಯನ್ನೂ ತಪ್ಪಿಸದೆ ನುಂಗುತ್ತಿದ್ದವರು, ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಎಚ್‌ಐವಿ ಹತೋಟಿಗೆ ಬಂದಿರುವಾಗ ಟಿಬಿ ಯಾಕೆ ಬಗ್ಗುತ್ತಿಲ್ಲ? ಕಫದ ಮಾದರಿಗಳನ್ನು ಡರ್ಬನ್‌ನ ಪ್ರಯೋಗಾಲಯಕ್ಕೆ ಕಳಿಸಿದರು.

2005ರ ಜನವರಿಯಿಂದ 2006ರ ಮಾರ್ಚ್‌ವರೆಗೆ 1,539 ಜನರ ಕಫ ಪರೀಕ್ಷೆ ಆಯಿತು. 221 ಜನರಿಗೆ ಎಂಡಿಆರ್, ಅಂದರೆ ಟಿಬಿಯ ಎರಡು ಮುಖ್ಯ ಔಷಧಿಗಳಿಗೆ ಬಗ್ಗದ ಟಿಬಿ. ಅವರಲ್ಲಿ 53 ಜನರಿಗೆ ಅದಕ್ಕಿಂತ ಕೆಟ್ಟದ್ದು, ಎರಡನೇ ಸಾಲಿನ ಔಷಧಿಗಳಿಗೂ ಬಗ್ಗದ ಎಕ್ಸ್‌ಡಿಆರ್. ಆ 53ರಲ್ಲಿ 52 ಜನ ತೀರಿಕೊಂಡರು. ಅರ್ಧದಷ್ಟು ಜನ ಕಫ ಕೊಟ್ಟ ಮೇಲೆ 16 ದಿನವೂ ಬದುಕಲಿಲ್ಲ. 2006ರ ಆಗಸ್ಟ್‌ನಲ್ಲಿ ಟೊರೊಂಟೊದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಈ ಲೆಕ್ಕ ಹೊರಬಿದ್ದಾಗ ಜಗತ್ತಿನ ಪತ್ರಿಕೆಗಳೆಲ್ಲ ಆ ಸಣ್ಣ ಊರಿನ ಹೆಸರು ಹಾಕಿದವು.

ನಿಮ್ಮ ಅಭಿಪ್ರಾಯ ಬೇಕು. ಅದರಲ್ಲೂ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಬರೆಯಿರಿ.

---

ಶರಾವತಿ_ಸೀಮೆ:

ಓದಿ ಸಂಕಟ ಆಯಿತು. ಆದರೆ ಒಂದು ಪ್ರಶ್ನೆ. ಔಷಧಿಗೆ ಬಗ್ಗದ ಟಿಬಿ ಬರುವುದು ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಅಲ್ವಾ? ಎರಡು ತಿಂಗಳಲ್ಲಿ ಕೆಮ್ಮು ನಿಂತಿತು ಅಂತ ನಿಲ್ಲಿಸಿಬಿಡುತ್ತಾರೆ. ನಮ್ಮ ಕಡೆಯೂ ಇದೇ ಸಮಸ್ಯೆ. ಹಾಗಿದ್ದರೆ ಆಸ್ಪತ್ರೆಯನ್ನು ಯಾಕೆ ದೂರಬೇಕು?

---

ಕಪ್ಪುಮಣ್ಣು:

ಶರಾವತಿಯವರೇ, ಎಲ್ಲರೂ ಮೊದಲು ಹಾಗೇ ಅಂದುಕೊಂಡಿದ್ದರು. ರೋಗಿಯದ್ದೇ ತಪ್ಪು ಅನ್ನುವುದು ಬಹಳ ಸುಲಭ. ಆದರೆ ಆ 53 ಜನರ ಹಿನ್ನೆಲೆ ನೋಡಿದಾಗ ಸಿಕ್ಕಿದ್ದು ಬೇರೆ. ಮಾಹಿತಿ ಸಿಕ್ಕವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ, 55%, ಅದಕ್ಕೂ ಮೊದಲು ಟಿಬಿ ಮಾತ್ರೆಯನ್ನೇ ನುಂಗಿದವರಲ್ಲ. ನುಂಗದ ಮಾತ್ರೆಯನ್ನು ಅರ್ಧಕ್ಕೆ ಬಿಡುವುದು ಹೇಗೆ? ಅವರಿಗೆ ಬಂದಿದ್ದು ನೇರವಾಗಿ ಎಕ್ಸ್‌ಡಿಆರ್ ರೋಗಾಣುವೇ, ಬೇರೆಯವರ ಕೆಮ್ಮಿನಿಂದ. ಮೂರರಲ್ಲಿ ಎರಡು ಪಾಲು ಜನ ಸ್ವಲ್ಪ ದಿನಗಳ ಹಿಂದೆ ಯಾವುದೋ ಕಾರಣಕ್ಕೆ ಆಸ್ಪತ್ರೆಯಲ್ಲಿ ಇದ್ದು ಬಂದವರು. ರೋಗಾಣುವಿನ ತಳಿ ಪರೀಕ್ಷೆ ಮಾಡಿದರೆ 85% ಜನರದ್ದು ಒಂದೇ ಬಳಗದ್ದು. ಸತ್ತವರಲ್ಲಿ ಆಸ್ಪತ್ರೆಯ ನೌಕರರೂ ಇದ್ದರು.

ಇಷ್ಟನ್ನೂ ಜೋಡಿಸಿದರೆ ಬೇರೆ ಅರ್ಥ ಹೊರಡುವುದಿಲ್ಲ. ವಾರ್ಡಿನ ಗಾಳಿಯಲ್ಲೇ ಕಾಯಿಲೆ ಇತ್ತು.

ಇದು ಆ ಒಂದು ಆಸ್ಪತ್ರೆಯ, ಆ ಒಂದು ವರ್ಷದ ಮಾತೂ ಅಲ್ಲ. 2011ರಿಂದ 2014ರವರೆಗೆ ಅದೇ ಪ್ರಾಂತ್ಯದ 404 ಎಕ್ಸ್‌ಡಿಆರ್ ರೋಗಿಗಳನ್ನು ಅಧ್ಯಯನ ಮಾಡಿದರು. 69% ಜನರಿಗೆ ಕಾಯಿಲೆ ಬಂದಿದ್ದು ಇನ್ನೊಬ್ಬರಿಂದ ಹರಡಿ, ಔಷಧಿ ತಪ್ಪಿಸಿದ್ದರಿಂದ ಅಲ್ಲ.

---

ಲ್ಯಾಬ್_ಮೇಷ್ಟ್ರು:

ಕಫ ಪರೀಕ್ಷೆಯ ಕೆಲಸದಲ್ಲೇ ಇರುವವನು ನಾನು. 16 ದಿನ ಅನ್ನುವ ಸಂಖ್ಯೆಯ ಹಿಂದೆ ಏನಿದೆ ಅಂತ ಹೇಳುತ್ತೇನೆ.

ಆಗಿನ ಕಾಲಕ್ಕೆ ಹಳ್ಳಿ ಆಸ್ಪತ್ರೆಯಲ್ಲಿ ಇದ್ದದ್ದು ಸೂಕ್ಷ್ಮದರ್ಶಕ ಮಾತ್ರ. ಸ್ಲೈಡಿಗೆ ಬಣ್ಣ ಹಾಕಿ ನೋಡಿದರೆ ಟಿಬಿ ಇದೆಯೋ ಇಲ್ಲವೋ ತಿಳಿಯುತ್ತೆ. ಯಾವ ಔಷಧಿಗೆ ಬಗ್ಗುತ್ತೆ ಅಂತ ತಿಳಿಯುವುದಿಲ್ಲ. ಜೊತೆಗೆ ಎಚ್‌ಐವಿ ಇರುವವರ ಕಫದಲ್ಲಿ ರೋಗಾಣು ಕಡಿಮೆ ಇರುತ್ತೆ, ಸ್ಲೈಡಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಔಷಧಿಗೆ ಬಗ್ಗುತ್ತೋ ಇಲ್ಲವೋ ತಿಳಿಯಬೇಕಾದರೆ ರೋಗಾಣುವನ್ನು ಕಲ್ಚರ್ ಮಾಡಬೇಕು, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಬೇಕು. ಟಿಬಿ ರೋಗಾಣು ಬೆಳೆಯುವುದು ತುಂಬಾ ನಿಧಾನ. ಬೆಳೆದ ಮೇಲೆ ಔಷಧಿಗಳ ಎದುರು ಇಟ್ಟು ಮತ್ತೆ ಕಾಯಬೇಕು. ಎಲ್ಲ ಸೇರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ.

ಹಾಗಾಗಿ ಫಲಿತಾಂಶ ವಾಪಸ್ ಬರುವಷ್ಟರಲ್ಲಿ ರೋಗಿ ತೀರಿಹೋಗಿರುತ್ತಿದ್ದರು. ಆ ವಾರಗಳಲ್ಲಿ ಅವರು ಎಲ್ಲಿದ್ದರು ಅನ್ನುವುದನ್ನೂ ಯೋಚಿಸಿ. ಸಾಮಾನ್ಯ ವಾರ್ಡಿನಲ್ಲಿ, ಬಗ್ಗದ ಔಷಧಿಯನ್ನು ನುಂಗುತ್ತಾ, ಕೆಮ್ಮುತ್ತಾ. ಪಕ್ಕದ ಹಾಸಿಗೆಯಲ್ಲಿ ಎಚ್‌ಐವಿಯಿಂದ ಸೊರಗಿದ ಇನ್ನೊಬ್ಬರು.

ಇನ್ನೊಂದು ಮಾತು. ಬಹಳ ದೇಶಗಳಲ್ಲಿ ಆಗ ಕಲ್ಚರ್‌ಗೆ ಕಳಿಸುತ್ತಿದ್ದದ್ದು ಚಿಕಿತ್ಸೆ ವಿಫಲವಾದವರ ಕಫ ಮಾತ್ರ. ಹೊಸ ರೋಗಿಯದ್ದನ್ನು ಕಳಿಸುತ್ತಿರಲಿಲ್ಲ. ಆ ನಿಯಮವನ್ನೇ ಹಿಡಿದುಕೊಂಡಿದ್ದರೆ ಈ 53 ಜನರಲ್ಲಿ ಸುಮಾರು ಅರ್ಧದಷ್ಟು ಜನ ಲೆಕ್ಕಕ್ಕೇ ಸಿಗುತ್ತಿರಲಿಲ್ಲ, "ಎಚ್‌ಐವಿಯಿಂದ ಸತ್ತರು" ಅಂತ ಬರೆದು ಮುಗಿಸುತ್ತಿದ್ದರು. ಒಂದು ಹಳ್ಳಿ ಆಸ್ಪತ್ರೆಯವರು ತಮ್ಮ ಸಾವುಗಳನ್ನು ಪ್ರಶ್ನೆ ಮಾಡಿದರು. ನನಗೆ ಈ ಇಡೀ ಕಥೆಯಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಕಾಣುವುದಿಲ್ಲ.

---

ಕೋಲಾರದವಳು:

ಒಂದು ಕೊಂಡಿ ಸೇರಿಸುತ್ತೇನೆ. ಮ್ಸಿಂಗಾದಂಥ ಊರುಗಳ ಗಂಡಸರು ತಲೆಮಾರುಗಳಿಂದ ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಿಗೆ ದುಡಿಯಲು ಹೋದವರು. ಗಣಿಯಲ್ಲಿ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ಆಗುತ್ತೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಹಿಡಿಯುವುದು ಜಾಸ್ತಿ. ಅದರ ಮೇಲೆ ಎಚ್‌ಐವಿ. ನೂರಾರು ಗಂಡಸರು ಒಟ್ಟಿಗೆ ಮಲಗುವ ಗಣಿ ಹಾಸ್ಟೆಲುಗಳು. ಕಾಯಿಲೆ ಬಿದ್ದಮೇಲೆ ಕಂಪನಿ ಮನೆಗೆ ಕಳಿಸುತ್ತೆ, ಮನೆ ಅಂದರೆ ಹಳ್ಳಿ, ಹಳ್ಳಿ ಅಂದರೆ ಈ ಆಸ್ಪತ್ರೆ. ಚಿನ್ನ ಹೋದದ್ದು ಒಂದು ಕಡೆಗೆ, ಕೆಮ್ಮು ಬಂದದ್ದು ಇನ್ನೊಂದು ಕಡೆಗೆ.

ನಮ್ಮ ಕೆಜಿಎಫ್‌ನ ಜನಕ್ಕೆ ಇದು ಚೆನ್ನಾಗಿ ಗೊತ್ತು. ನಮ್ಮ ತಾತ ಗಣಿ ಕೆಲಸದವರು. 2001ರಲ್ಲಿ ಗಣಿ ಮುಚ್ಚಿತು, ಎದೆಯೊಳಗಿನ ಧೂಳು ಹೋಗಲಿಲ್ಲ. ದಕ್ಷಿಣ ಆಫ್ರಿಕಾದ ಗಣಿ ಕಾರ್ಮಿಕರು ಕಂಪನಿಗಳ ಮೇಲೆ ಒಟ್ಟಾಗಿ ಕೇಸು ಹಾಕಿ ಹೋರಾಡಿದರು. 2019ರಲ್ಲಿ ಜೋಹಾನ್ಸ್‌ಬರ್ಗಿನ ಹೈಕೋರ್ಟು ಸಿಲಿಕೋಸಿಸ್ ಮತ್ತು ಟಿಬಿ ಪರಿಹಾರದ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಅಷ್ಟು ದೊಡ್ಡ ಮಟ್ಟದಲ್ಲಿ ಕೇಳಿದವರು ಯಾರು?

ಆಸ್ಪತ್ರೆಯನ್ನು ದೂರುವ ಮೊದಲು ಆ ಆಸ್ಪತ್ರೆಯ ಬಾಗಿಲಿಗೆ ಕಾಯಿಲೆಯನ್ನು ಕಳಿಸಿದವರು ಯಾರು ಅಂತಲೂ ಕೇಳಬೇಕು.

---

ನಟಾಲ್_ಕನ್ನಡಿಗ:

ನಾನು ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಇರುವವನು. ಆ ದಾರಿಯಲ್ಲಿ ಓಡಾಡಿದ್ದೇನೆ. ಗ್ರೇಟೌನ್ ದಾಟಿದ ಮೇಲೆ ರಸ್ತೆ ಕಣಿವೆಗೆ ಇಳಿಯುತ್ತೆ, ಹಸಿರು ಮುಗಿದು ಕಲ್ಲು, ಮುಳ್ಳುಗಿಡ, ಮೇಕೆಗಳು ಶುರು. ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದ ರಾತ್ರಿ ಮೈ ಕೊರೆಯುವ ಚಳಿ. ಮನೆಗಳು ಒತ್ತಾಗಿ ಇಲ್ಲ, ಗುಡ್ಡಗಳ ಮೇಲೆ ಚೆದುರಿಕೊಂಡಿವೆ. ಆಸ್ಪತ್ರೆಗೆ ಬರಬೇಕಾದರೆ ಬೆಳಗಿನ ಜಾವ ಗುಡ್ಡ ಇಳಿದು ಮಿನಿಬಸ್ ಹಿಡಿಯಬೇಕು. ಮಿನಿಬಸ್ಸೂ ಕಿಕ್ಕಿರಿದಿರುತ್ತೆ, ಚಳಿಗೆ ಕಿಟಕಿ ಮುಚ್ಚಿರುತ್ತಾರೆ.

ಇಲ್ಲಿನ ವ್ಯವಸ್ಥೆ ಬಗ್ಗೆ ಒಂದೆರಡು ಮಾತು. 1994ರಲ್ಲಿ ಮಂಡೇಲಾ ಸರ್ಕಾರ ಬಂದ ಕೂಡಲೇ ಗರ್ಭಿಣಿಯರಿಗೆ, 6 ವರ್ಷದೊಳಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ ಮಾಡಿತು. ಆಮೇಲೆ ಹಳ್ಳಿ ಕ್ಲಿನಿಕ್‌ಗಳೂ ಉಚಿತ ಆದವು. ಹೊಸ ವೈದ್ಯರಿಗೆ 1998ರಿಂದ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯ, ಇಂಥ ಎಷ್ಟೋ ಆಸ್ಪತ್ರೆಗಳು ನಡೆಯುವುದು ಆ ಹುಡುಗ ಹುಡುಗಿಯರಿಂದ. ಅವರು ಬರುತ್ತಾರೆ, ಕಲಿಯುತ್ತಾರೆ, ವರ್ಷ ಮುಗಿದರೆ ಹೊರಡುತ್ತಾರೆ. ಉಳಿದುಕೊಳ್ಳುವ ಹಿರಿಯ ವೈದ್ಯರು ಬೆರಳೆಣಿಕೆ. ಆದರೆ ನರ್ಸ್‌ಗಳು ಅದೇ ನೆಲದವರು. ಕಾಯಿಲೆ ಸುದ್ದಿಯಾದಾಗಲೂ ಡ್ಯೂಟಿಗೆ ಬಂದವರು ಅವರು. ಅವರ ಬಗ್ಗೆ ಯಾರೂ ಜಾಸ್ತಿ ಬರೆಯಲಿಲ್ಲ.

---

ವಾರ್ಡ್_ಸಿಸ್ಟರ್:

ನಟಾಲ್ ಸರ್, ಆ ಕೊನೆಯ ಮಾತು ಬರೆದದ್ದಕ್ಕೆ ಧನ್ಯವಾದ.

ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಯಾವುದು ಅಂತ ಬೇಡ. ಓದುತ್ತಾ ಹೋದಂತೆ ನಮ್ಮ ಹೊರರೋಗಿ ವಿಭಾಗವೇ ಕಣ್ಣಿಗೆ ಬಂತು. ಹಳೇ ಕಟ್ಟಡದಲ್ಲಿದ್ದಾಗ ಉದ್ದ ವರಾಂಡ ಇತ್ತು, ಜನ ಹೊರಗೇ ಕೂರುತ್ತಿದ್ದರು. ಹೊಸ ಕಟ್ಟಡ ಬಂತು, ಚೆನ್ನಾಗಿದೆ, ಟೈಲ್ಸ್ ಇದೆ. ಆದರೆ ಕಾಯುವ ಜಾಗ ಕಟ್ಟಡದ ಮಧ್ಯದಲ್ಲಿ. ಒಂದು ಕಡೆಯೂ ಕಿಟಕಿ ಇಲ್ಲ. ಕೆಮ್ಮಿಗೆ ಬಂದವರು, ಬಾಣಂತಿಯರು, ಸಕ್ಕರೆ ಕಾಯಿಲೆ ಗುಳಿಗೆಗೆ ಬಂದ ಅಜ್ಜಂದಿರು, ಎಲ್ಲರೂ ಒಂದೇ ಸಾಲಿನಲ್ಲಿ ಅರ್ಧ ದಿನ. ಕೋವಿಡ್ ಹೊತ್ತಿನಲ್ಲಿ ಕೆಮ್ಮುವವರನ್ನು ಹೊರಗೆ ಶಾಮಿಯಾನದಲ್ಲಿ ಕೂರಿಸಿದ್ದೆವು. ಕೋವಿಡ್ ಹೋಯಿತು, ಶಾಮಿಯಾನವೂ ಹೋಯಿತು. ಟಿಬಿ ಎಲ್ಲಿಗೂ ಹೋಗಿಲ್ಲ.

ಟುಗೆಲಾ ಫೆರಿಯವರು ಇದಕ್ಕೆ ಏನು ದಾರಿ ಕಂಡುಕೊಂಡರು? ದುಡ್ಡಿಲ್ಲದ ಆಸ್ಪತ್ರೆಯಲ್ಲಿ ಆಗುವಂಥದ್ದು ಏನಾದರೂ ಇದ್ದರೆ ಹೇಳಿ. ದೊಡ್ಡ ಯಂತ್ರದ ಮಾತು ಬೇಡ.

---

ಕಪ್ಪುಮಣ್ಣು:

ಸಿಸ್ಟರ್, ಇದೇ ಪ್ರಶ್ನೆಗೆ ಒಂದು ಅಧ್ಯಯನ ನಡೆದಿದೆ. 2007ರಲ್ಲಿ ಟುಗೆಲಾ ಫೆರಿಯ ಮಾಹಿತಿಯನ್ನೇ ಇಟ್ಟುಕೊಂಡು ಗಣಿತದ ಲೆಕ್ಕ ಹಾಕಿದರು. ಮಾಸ್ಕ್ ಒಂದನ್ನೇ ನೆಚ್ಚಿಕೊಂಡರೆ ಒಟ್ಟಾರೆ ತಪ್ಪುವ ಕಾಯಿಲೆ 10%ಕ್ಕಿಂತ ಕಡಿಮೆ, ಆದರೆ ನಿಮ್ಮಂಥ ಸಿಬ್ಬಂದಿಗೆ ಅದರಿಂದ ದೊಡ್ಡ ರಕ್ಷಣೆ. ಮಾಸ್ಕ್ ಜೊತೆಗೆ ಕಿಟಕಿ ತೆರೆದು ಗಾಳಿ ಆಡಿಸುವುದು, ರೋಗಿಗಳನ್ನು ಬೇಗ ಮನೆಗೆ ಕಳಿಸಿ ಮನೆಯಿಂದಲೇ ಚಿಕಿತ್ಸೆ ಮುಂದುವರಿಸುವುದು, ಬೇಗ ಫಲಿತಾಂಶ ಕೊಡುವ ಪರೀಕ್ಷೆ, ಎಚ್‌ಐವಿ ಔಷಧಿ, ಎಲ್ಲ ಸೇರಿದರೆ ಹತ್ತಿರ ಹತ್ತಿರ ಅರ್ಧದಷ್ಟು ಎಕ್ಸ್‌ಡಿಆರ್ ತಪ್ಪಿಸಬಹುದು ಅಂತ ಬಂತು.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಇತ್ತು. ಆಗ "ಇವರನ್ನು ಬಲವಂತವಾಗಿ ಕೂಡಿಹಾಕಿ" ಅನ್ನುವ ಕೂಗು ಜೋರಾಗಿತ್ತು. ಬೇರೆ ಬೇರೆ ಕೋಣೆ ಇಲ್ಲದೆ ಎಲ್ಲರನ್ನೂ ಒಂದೇ ಕಡೆ ಕೂಡಿಹಾಕಿದರೆ ಕಾಯಿಲೆ ಕಡಿಮೆಯಾಗುವ ಬದಲು ಹೆಚ್ಚಾಗಬಹುದು ಅಂತ ಲೆಕ್ಕ ಹೇಳಿತು. ಕಷ್ಟದಲ್ಲಿರುವವರನ್ನು ಕೈದಿಗಳಂತೆ ನೋಡುವುದು ಅಮಾನವೀಯ ಅನ್ನುವುದಂತೂ ಸರಿಯೇ. ಅದರಿಂದ ಪ್ರಯೋಜನವೂ ಇಲ್ಲ ಅನ್ನುವುದು ಎಲ್ಲರಿಗೂ ತಿಳಿಯಬೇಕು.

2008ರಿಂದ ಟುಗೆಲಾ ಫೆರಿಯಲ್ಲಿ ಎಂಡಿಆರ್ ರೋಗಿಗಳಿಗೆ ಮನೆಯಲ್ಲೇ ಚಿಕಿತ್ಸೆ ಶುರು ಮಾಡಿದರು. ಅದಕ್ಕೆ ಮೊದಲು ಡರ್ಬನ್‌ನ ಆಸ್ಪತ್ರೆಗೆ ಕಳಿಸಿ ತಿಂಗಳುಗಟ್ಟಲೆ ಅಲ್ಲೇ ಇರಿಸಬೇಕಿತ್ತು. ಮನೆಯಲ್ಲಿ ಮಕ್ಕಳು, ಮೇಕೆ, ಹೊಲ ಬಿಟ್ಟು ಯಾರು ಹೋಗುತ್ತಾರೆ? ಹೊಸ ವ್ಯವಸ್ಥೆಯಲ್ಲಿ ನರ್ಸ್‌ಗಳ ತಂಡ ಗಾಡಿಯಲ್ಲಿ ಗುಡ್ಡ ಹತ್ತಿ ಹೋಗಿ ಇಂಜೆಕ್ಷನ್ ಕೊಟ್ಟು ಬರುತ್ತಿತ್ತು. ಟಿಬಿ, ಎಚ್‌ಐವಿ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ. ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಿದ್ದದ್ದಕ್ಕಿಂತ ಒಳ್ಳೆಯ ಫಲ ಇಲ್ಲಿ ಸಿಕ್ಕಿತು.

---

ಶರಾವತಿ_ಸೀಮೆ:

ಮನೆಯಲ್ಲಿ ಚಿಕಿತ್ಸೆ ಅಂದರೆ ಮನೆಯವರಿಗೆ ಅಂಟುವುದಿಲ್ಲವಾ?

---

ಲ್ಯಾಬ್_ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಇದಕ್ಕೆ ಮೊದಲು ಉತ್ತರ ಕೊಟ್ಟದ್ದು ನಮ್ಮ ದೇಶವೇ. 1956ರಲ್ಲಿ ಮದರಾಸಿನಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಿಬಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂನಲ್ಲಿ, ಅಂದರೆ ಟಿಬಿ ರೋಗಿಗಳನ್ನು ಇರಿಸಿಕೊಳ್ಳುವ ಆಸ್ಪತ್ರೆಯಲ್ಲಿ, ಒಳ್ಳೆಯ ಊಟ, ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ. ಔಷಧಿ ಇಬ್ಬರಿಗೂ ಅದೇ. ಗುಣ ಆಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಮನೆಯವರಿಗೂ ಅದರಿಂದ ಹೆಚ್ಚು ಅಂಟಲಿಲ್ಲ. ಯಾಕೆಂದರೆ ಕಾಯಿಲೆ ಪತ್ತೆಯಾಗುವ ಮೊದಲೇ ಮನೆಯವರು ಅದೇ ಗಾಳಿ ಕುಡಿದಿರುತ್ತಾರೆ. ಬಗ್ಗುವ ಔಷಧಿ ಶುರುವಾದ ಮೇಲೆ ಹರಡುವುದು ಬೇಗ ಕಡಿಮೆಯಾಗುತ್ತೆ. ಸ್ಯಾನಟೋರಿಯಂಗಳ ಕಾಲ ಮುಗಿದದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ಇನ್ನೊಂದು ನಮ್ಮ ತುಮಕೂರು ಜಿಲ್ಲೆಯದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ದೇವಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಮಾತಾಡಿಸಿ 1963ರಲ್ಲಿ ಬರೆದರು. ಹಳ್ಳಿಯವರು ಆಸ್ಪತ್ರೆಗೆ ಬರುವುದಿಲ್ಲ ಅನ್ನುವ ನಂಬಿಕೆ ಇತ್ತಲ್ಲ, ಅದು ಸುಳ್ಳಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅವರಲ್ಲಿ ಬಹಳ ಜನಕ್ಕೆ ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ದರು.

ಜನ ಬಂದಿದ್ದಾರೆ, ನೋಡಬೇಕಾದವರು ನೋಡಲಿಲ್ಲ. ಆ ಬರಹ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ಟುಗೆಲಾ ಫೆರಿಯಲ್ಲಿ ನೋಡಿದರು ಅನ್ನುವುದಕ್ಕೇ ನನಗೆ ಅಷ್ಟು ಗೌರವ.

---

ಕೋಲಾರದವಳು:

ಈಗ ಎಕ್ಸ್‌ಡಿಆರ್ ಬಂದರೆ ಇನ್ನೂ 53ಕ್ಕೆ 52 ಸಾಯುತ್ತಾರಾ?

---

ನಟಾಲ್_ಕನ್ನಡಿಗ:

ಇಲ್ಲ ಮೇಡಂ. ಬಹಳ ಬದಲಾಗಿದೆ. 2010ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಟಿಬಿ ಇದೆಯಾ, ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತಾ ಅಂತ ಸುಮಾರು 2 ಗಂಟೆಯಲ್ಲಿ ಹೇಳುತ್ತೆ. ದಕ್ಷಿಣ ಆಫ್ರಿಕಾ ಅದನ್ನು 2011ರಿಂದಲೇ ದೇಶದ ತುಂಬ ಹಾಕಿತು.

ಔಷಧಿಯಲ್ಲೂ ದೊಡ್ಡ ಬದಲಾವಣೆ. ಮೊದಲು ತಿಂಗಳುಗಟ್ಟಲೆ ಕನಮೈಸಿನ್ ಇಂಜೆಕ್ಷನ್ ಕೊಡುತ್ತಿದ್ದರು, ಎಷ್ಟೋ ಜನ ಬದುಕಿದರು ಆದರೆ ಕಿವಿ ಹೋಯಿತು. 2018ರಲ್ಲಿ ದಕ್ಷಿಣ ಆಫ್ರಿಕಾ ಇಂಜೆಕ್ಷನ್ ಬದಲು ಬೆಡಾಕ್ವಿಲಿನ್ ಮಾತ್ರೆಗೆ ಬದಲಾಯಿಸುವ ತೀರ್ಮಾನ ಮಾಡಿತು, ಬೇರೆ ದೇಶಗಳು ಆಮೇಲೆ ಅದೇ ದಾರಿ ಹಿಡಿದವು. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್ ಮೂರನ್ನೂ ಸೇರಿಸಿ ಇಲ್ಲೇ 109 ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಬಹುಪಾಲು ಜನರಿಗೆ ಎಕ್ಸ್‌ಡಿಆರ್ ಇತ್ತು. ಸುಮಾರು 90% ಜನರಿಗೆ ಗುಣವಾಯಿತು. ಆರು ತಿಂಗಳ ಮಾತ್ರೆ. ಆ 52 ಜನರ ಮನೆಯವರನ್ನು ನೆನೆದರೆ ಎದೆ ಹಿಂಡುತ್ತೆ, ಕೆಲವೇ ವರ್ಷ ಮುಂಚೆ ಬರಬಾರದಿತ್ತಾ ಅನ್ನಿಸುತ್ತೆ.

---

ವಾರ್ಡ್_ಸಿಸ್ಟರ್:

ನಮ್ಮಲ್ಲೂ ಈಗ ಆ ಮಾತ್ರೆಗಳು ಬರುತ್ತಿವೆ, ಸಂತೋಷ. ಆದರೆ ಮಾತ್ರೆ ಸಿಗುವುದು ಪತ್ತೆಯಾದ ಮೇಲೆ. ಪತ್ತೆಯಾಗುವ ಮೊದಲು ಆ ಮನುಷ್ಯ ನನ್ನ ಎದುರು ಬೆಂಚಿನ ಮೇಲೆ ಕೂತಿರುತ್ತಾನೆ. ನನ್ನ ಚಿಂತೆ ಆ ಬೆಂಚಿನದು. ಕಿಟಕಿ ತೆರೆಯಿರಿ ಅಂತೀರಿ, ನಿಜವಾಗಿ ಅಷ್ಟು ವ್ಯತ್ಯಾಸ ಆಗುತ್ತಾ? ಮೇಲಿನವರಿಗೆ ಹೇಳಬೇಕಾದರೆ ಲೆಕ್ಕ ಬೇಕು.

---

ಲ್ಯಾಬ್_ಮೇಷ್ಟ್ರು:

ಲೆಕ್ಕ ಇದೆ ಸಿಸ್ಟರ್. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದರು. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಪೂರ್ತಿ ಬದಲಾಗುತ್ತೆ ಅನ್ನುವುದು ಅಳತೆ. ಯಂತ್ರದಿಂದ ಗಾಳಿ ಆಡಿಸುವ ಕೋಣೆಯಲ್ಲಿ 12 ಸಲ. ಕಿಟಕಿ ಬಾಗಿಲು ತೆರೆದಿಟ್ಟ ಸಾಮಾನ್ಯ ಕೋಣೆಯಲ್ಲಿ 28 ಸಲ. 1950ಕ್ಕಿಂತ ಮೊದಲು ಕಟ್ಟಿದ, ಎತ್ತರದ ಸೂರು, ದೊಡ್ಡ ಕಿಟಕಿ ಇರುವ ಹಳೇ ಕಟ್ಟಡಗಳಲ್ಲಿ 40 ಸಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗರಬತ್ತಿ ಹಚ್ಚಿದರೆ ಹೊಗೆ ಹೇಗೆ ನಿಲ್ಲುತ್ತೋ ಟಿಬಿ ರೋಗಾಣುವೂ ಹಾಗೇ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತೆ. ನಿಮ್ಮ ಹಳೇ ವರಾಂಡ ಈ ಲೆಕ್ಕದಲ್ಲಿ ಹೊಸ ಕಟ್ಟಡಕ್ಕಿಂತ ಎಷ್ಟೋ ಮೇಲು.

---

ಕಪ್ಪುಮಣ್ಣು:

ಒಂದು ತೊಂದರೆ ಮರೆಯಬಾರದು. ಚಳಿಗಾಲದ ರಾತ್ರಿ ರೋಗಿಗಳೇ ಎದ್ದು ಕಿಟಕಿ ಮುಚ್ಚುತ್ತಾರೆ. ನಟಾಲ್ ಸರ್ ಹೇಳಿದ ಚಳಿಯಲ್ಲಿ ಅದು ಸಹಜ. ಹಾಗಾಗಿ ಕಿಟಕಿ ತೆರೆಯಿರಿ ಅನ್ನುವವರು ಕಂಬಳಿಯನ್ನೂ ಕೊಡಬೇಕು.

---

ವಾರ್ಡ್_ಸಿಸ್ಟರ್:

ಸರಿ. ಸೋಮವಾರ ನಮ್ಮ ಆಡಳಿತ ವೈದ್ಯಾಧಿಕಾರಿ ಹತ್ತಿರ ಮಾತಾಡುತ್ತೇನೆ. ಕೇಳುವುದು ಮೂರೇ. ಕೆಮ್ಮುವವರ ಬೆಂಚು ಹೊರಗಿನ ಶೀಟ್ ಕೆಳಗೆ ಹಾಕಬೇಕು, ಅವರ ಚೀಟಿ ಮೊದಲು ಕೂಗಬೇಕು, ಕಫದ ಡಬ್ಬಿ ಅಲ್ಲೇ ಕೈಗೆ ಕೊಡಬೇಕು. ಮೇಷ್ಟ್ರೇ, ಇನ್ನೊಂದು ಕೇಳಬೇಕಿತ್ತು. ಡಾಕ್ಟರ ಕೋಣೆಯಲ್ಲಿ ಒಂದೇ ಕಿಟಕಿ, ಅದು ರೋಗಿಯ ಬೆನ್ನ ಹಿಂದೆ ಇದೆ. ಮೇಜು ಹಾಗೇ ಇರಲಾ?

---

ಲ್ಯಾಬ್_ಮೇಷ್ಟ್ರು:

ಗಾಳಿ ಯಾವ ಕಡೆಯಿಂದ ಬರುತ್ತೆ ಮೊದಲು ನೋಡಿ. ಕಿಟಕಿಯಿಂದ ಒಳಗೆ ಬರುತ್ತಿದ್ದರೆ ಅದು ರೋಗಿಯನ್ನು ದಾಟಿ ಡಾಕ್ಟರ ಮುಖಕ್ಕೆ ಬಡಿಯುತ್ತೆ, ಆಗ ಮೇಜು ತಿರುಗಿಸಿ. ಗಾಳಿ ಇಬ್ಬರ ನಡುವೆ ಅಡ್ಡ ಹಾಯುವಂತೆ ಕೂರುವುದು ಒಳ್ಳೆಯದು. ಎದುರಿನ ಬಾಗಿಲು ತೆರೆದಿರಬೇಕು, ಆದರೆ ಅದರ ಆಚೆ ಜನ ಕಾಯುತ್ತಾ ಕೂತಿರಬಾರದು. ಮಧ್ಯಾಹ್ನ ಗಾಳಿ ದಿಕ್ಕು ಬದಲಾಗುತ್ತೆ, ಹಾಗಾಗಿ ಎರಡು ಹೊತ್ತೂ ಒಂದು ದಾರದ ಎಳೆ ಹಿಡಿದು ನೋಡಿ. ಕೋಣೆಯ ಅಳತೆ ಬರೆದು ಕಳಿಸಿದರೆ ಇನ್ನೂ ಸರಿಯಾಗಿ ಹೇಳಬಲ್ಲೆ.